ಕ್ಷಯರೋಗದ ಔಷಧ: ಆರು ತಿಂಗಳೂ ಕೊರತೆ ಬಾರದಂತೆ ನೋಡಿಕೊಳ್ಳುವ ಬಗೆ

ಕ್ಷಯರೋಗವು ಗುಣವಾಗತಕ್ಕ ರೋಗವೆಂಬುದು ಈಗ ಎಲ್ಲರಿಗೂ ತಿಳಿದ ವಿಷಯವಾಗಿದೆ. ಆದರೆ ಈ ಮಾತು ಒಂದು ನಿಬಂಧನೆಗೆ ಒಳಪಟ್ಟಿರುವುದನ್ನು ಅನೇಕರು ಗಮನಿಸುವುದಿಲ್ಲ. ಸರಿಯಾದ ಔಷಧಗಳನ್ನು, ಸರಿಯಾದ ಪ್ರಮಾಣದಲ್ಲಿ, ನಿಗದಿಯಾದ ಕಾಲದವರೆಗೆ ಒಂದು ದಿನವೂ ತಪ್ಪದೆ ಸೇವಿಸಿದರೆ ಮಾತ್ರ ರೋಗವು ಗುಣವಾಗುವುದು. ಈ ನಿಬಂಧನೆಯನ್ನು ನೆರವೇರಿಸುವ ಹೊಣೆಯನ್ನು ನಾವು ಸಾಮಾನ್ಯವಾಗಿ ರೋಗಿಯ ಮೇಲೆ ಹೊರಿಸುತ್ತೇವೆ. ‘ಮಾತ್ರೆ ತಪ್ಪಿಸಬೇಡಿ’ ಎಂದು ಅವನಿಗೆ ಪದೇ ಪದೇ ಹೇಳುತ್ತೇವೆ. ಹೇಳುವುದು ಸರಿಯೇ. ಆದರೆ ರೋಗಿಯು ಆಸ್ಪತ್ರೆಯ ಬಾಗಿಲಿಗೆ ಬಂದ ದಿನ ಮಾತ್ರೆಯೇ ಇಲ್ಲದಿದ್ದರೆ ಆ ಮಾತಿಗೆ ಬೆಲೆ ಉಳಿಯುವುದಿಲ್ಲ. ಔಷಧವು ಕಾಲಕ್ಕೆ ಸರಿಯಾಗಿ ಒದಗುವಂತೆ ನೋಡಿಕೊಳ್ಳುವುದು ಚಿಕಿತ್ಸೆಗೆ ಹೊರತಾದ ಕಚೇರಿಯ ಕೆಲಸವಲ್ಲ. ಅದು ಚಿಕಿತ್ಸೆಯ ಒಂದು ಭಾಗವೇ ಆಗಿದೆ.

ಆರೋಗ್ಯ ಕಾರ್ಯಕರ್ತರು, ಔಷಧ ವಿತರಕರು, ಗ್ರಾಮ ಪಂಚಾಯಿತಿಯ ಸದಸ್ಯರು ಹಾಗೂ ರೋಗಿಗಳ ಮನೆಯವರು ಈ ವಿಷಯದಲ್ಲಿ ತಿಳಿದಿರಬೇಕಾದುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ. ಉದಾಹರಣೆಗಾಗಿ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹಲಗೂರು ಹೋಬಳಿಯನ್ನು ತೆಗೆದುಕೊಂಡಿದೆ.

1. ಹಲಗೂರು ಹೋಬಳಿಯನ್ನು ಏಕೆ ಆರಿಸಿಕೊಂಡಿದೆ?

ಹಲಗೂರು ಬೆಂಗಳೂರಿನಿಂದ ಕನಕಪುರದ ಮೂಲಕ ಮಳವಳ್ಳಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಹೆದ್ದಾರಿಯ ಮೇಲಿರುವುದರಿಂದ ಔಷಧದ ಪೆಟ್ಟಿಗೆಯು ಇಲ್ಲಿಯವರೆಗೆ ಬರುವುದು ಕಷ್ಟವಲ್ಲ. ಆದರೆ ಹೋಬಳಿಯ ಎಲ್ಲ ಊರುಗಳೂ ಹೆದ್ದಾರಿಯ ಮೇಲಿಲ್ಲ. ಕಾವೇರಿಯ ದಡದ ಮುತ್ತತ್ತಿಯು ಕಾಡಿನ ನಡುವೆ ಇದೆ. ಒಳನಾಡಿನ ಹಳ್ಳಿಗಳಿಂದ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬರುವುದೆಂದರೆ ಬಡವನಿಗೆ ಒಂದು ದಿನದ ಕೂಲಿ ನಷ್ಟವಾದಂತೆಯೇ ಸರಿ.

ಇದಲ್ಲದೆ ಈ ಭಾಗದ ಜನರು ಕೆಲಸವನ್ನರಸಿ ಬೆಂಗಳೂರಿಗೂ ಕನಕಪುರದ ಕಡೆಗೂ ಹೋಗುವುದುಂಟು. ಹಬ್ಬಕ್ಕೆ ಊರಿಗೆ ಬರುವರು, ಮಳೆ ಬಿದ್ದರೆ ರಾಗಿ ಬಿತ್ತನೆಗೆ ಬರುವರು, ಮತ್ತೆ ಹೊರಡುವರು. ಚಿಕಿತ್ಸೆಯನ್ನು ಒಂದು ಜಿಲ್ಲೆಯಲ್ಲಿ ಆರಂಭಿಸಿದವನು ಅದನ್ನು ಇನ್ನೊಂದು ಜಿಲ್ಲೆಯಲ್ಲಿ ಮುಂದುವರಿಸಬೇಕಾಗುವುದು. ಆದುದರಿಂದ ಔಷಧದ ಸರಬರಾಜಿನಲ್ಲಿ ಬರಬಹುದಾದ ತೊಡಕುಗಳೆಲ್ಲವನ್ನೂ ಇಂಥ ಒಂದು ಹೋಬಳಿಯ ಮೂಲಕವೇ ಅರಿತುಕೊಳ್ಳಬಹುದು. ಕರ್ನಾಟಕದ ಬೇರೆ ಎಷ್ಟೋ ಹೋಬಳಿಗಳ ಸ್ಥಿತಿಯೂ ಇದೇ ಆಗಿದೆ.

2. ಔಷಧ ನಿಂತರೆ ಆಗುವುದೇನು?

ಕ್ಷಯರೋಗವು ಒಂದು ಸೂಕ್ಷ್ಮ ಜೀವಿಯಿಂದ ಬರುವುದೆಂದು ಜರ್ಮನಿಯ ರಾಬರ್ಟ್ ಕಾಖ್ 1882ನೆಯ ಮಾರ್ಚ್ 24ರಂದು ಪ್ರಕಟಿಸಿದನು. ಈ ಜೀವಿಯು ಬಹು ನಿಧಾನವಾಗಿ ಬೆಳೆಯತಕ್ಕದ್ದು. ಕೆಲವು ಜೀವಿಗಳು ದೇಹದಲ್ಲಿ ನಿದ್ರಾವಸ್ಥೆಯಲ್ಲಿ ಅಡಗಿರುವುವು. ಆದುದರಿಂದಲೇ ಚಿಕಿತ್ಸೆಗೆ ಆರು ತಿಂಗಳು ಬೇಕಾಗುವುದು. ಮೊದಲ ಕೆಲವು ವಾರಗಳಲ್ಲಿಯೇ ಕೆಮ್ಮು ಮತ್ತು ಜ್ವರ ಇಳಿದು ಹಸಿವು ಹೆಚ್ಚುವುದು. ರೋಗಿಗೆ ತಾನು ಗುಣವಾದೆನೆಂದು ತೋರುವುದು. ಆದರೆ ಆಗ ಸತ್ತಿರುವುವು ಬೇಗ ಬೆಳೆಯುವ ಜೀವಿಗಳು ಮಾತ್ರ.

ಒಂದೇ ಔಷಧವನ್ನು ಕೊಡದೆ ನಾಲ್ಕನ್ನು ಒಟ್ಟಿಗೆ ಕೊಡುವುದೇಕೆ ಎಂಬುದನ್ನೂ ತಿಳಿಯಬೇಕು. ಶ್ವಾಸಕೋಶದಲ್ಲಿ ಉಂಟಾದ ಒಂದು ಕುಹರದಲ್ಲಿ ಸುಮಾರು 10 ಕೋಟಿ ಕ್ಷಯಾಣುಗಳಿರಬಹುದು. ಅವುಗಳಲ್ಲಿ ಹತ್ತು ಲಕ್ಷಕ್ಕೆ ಒಂದರಂತೆ ಹುಟ್ಟಿನಿಂದಲೇ ಐಸೋನಿಯಜಿಡ್‌ಗೆ ಬಗ್ಗದವು ಇರುವುವು. ಹತ್ತು ಕೋಟಿಗೆ ಒಂದರಂತೆ ರಿಫಾಂಪಿಸಿನ್‌ಗೆ ಬಗ್ಗದವು ಇರುವುವು. ಐಸೋನಿಯಜಿಡ್ ಒಂದನ್ನೇ ಕೊಟ್ಟರೆ ಉಳಿದುಕೊಳ್ಳುವ ನೂರು ಅಣುಗಳು ಬೆಳೆದು ಮತ್ತೆ ಕೋಟಿಯಾಗುವುವು. ಅನೇಕ ಔಷಧಗಳನ್ನು ಒಟ್ಟಿಗೆ ಕೊಟ್ಟಾಗ ಒಂದರಿಂದ ತಪ್ಪಿಸಿಕೊಂಡ ಅಣುವನ್ನು ಮತ್ತೊಂದು ಕೊಲ್ಲುವುದು. ಎರಡಕ್ಕೂ ಬಗ್ಗದ ಅಣುವು ಸ್ವಭಾವತಃ ಇರುವ ಸಂಭವ ತೀರ ಕಡಿಮೆ.

ನಾಲ್ಕರಲ್ಲಿ ಒಂದೆರಡು ಔಷಧಗಳು ಮಾತ್ರ ಸಿಕ್ಕಿದರೆ, ಅಥವಾ ಎಲ್ಲ ಔಷಧಗಳೂ ಬಿಟ್ಟು ಬಿಟ್ಟು ಸಿಕ್ಕಿದರೆ, ಈ ರಕ್ಷಣೆಯು ಮುರಿದುಬೀಳುವುದು. ಬಗ್ಗದ ಅಣುಗಳು ಬೆಳೆದು, ರೋಗಿಯ ಕೆಮ್ಮಿನ ಮೂಲಕ ಮನೆಯವರಿಗೂ ನೆರೆಯವರಿಗೂ ಹರಡುವುವು. ಅವರಿಗೆ ಬರುವ ರೋಗವು ಮೊದಲ ದಿನದಿಂದಲೇ ಸಾಧಾರಣ ಔಷಧಕ್ಕೆ ಜಗ್ಗದ ರೋಗವಾಗಿರುವುದು. ಅಂಥ ರೋಗಕ್ಕೆ ಬಿಡಾಕ್ವಿಲಿನ್ ಮುಂತಾದ ಬೇರೆ ಔಷಧಗಳು ಬೇಕು. ಹಿಂದೆ ಇದರ ಚಿಕಿತ್ಸೆಗೆ ಒಂದೂವರೆ ವರ್ಷಕ್ಕೂ ಮೀರಿದ ಕಾಲ ಹಿಡಿಯುತ್ತಿತ್ತು. 2024ರಲ್ಲಿ ನಮ್ಮ ದೇಶವು ಒಪ್ಪಿಗೆಯಿತ್ತ ಹೊಸ ಕ್ರಮದಲ್ಲಿ ಅರ್ಹರಾದ ರೋಗಿಗಳಿಗೆ ಆರು ತಿಂಗಳು ಸಾಕಾಗುವುದು. ಆದರೂ ಈ ಔಷಧಗಳು ದುಬಾರಿಯಾದವು, ತೊಂದರೆಗಳೂ ಹೆಚ್ಚು. ಆದುದರಿಂದ ಒಂದು ಊರಿನಲ್ಲಿ ಔಷಧವು ಒಂದು ತಿಂಗಳು ನಿಂತರೆ ಅದರ ಫಲವನ್ನು ಆ ಊರು ಹಲವು ವರ್ಷ ಉಣ್ಣಬೇಕಾಗುವುದು.

ರೇಷ್ಮೆ ಬೆಳೆಗಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿಗೆ ಸೊಪ್ಪು ಸಾಲದೆ ಹೋದರೆ ಅದುವರೆಗೆ ಪಟ್ಟ ಶ್ರಮವೆಲ್ಲ ವ್ಯರ್ಥ. ಆದುದರಿಂದ ಬುದ್ಧಿವಂತನಾದ ರೈತನು ಮೊಟ್ಟೆ ತರುವ ಮುನ್ನವೇ ತೋಟದ ಸೊಪ್ಪನ್ನು ಅಳೆದು ನೋಡುವನು. ಕ್ಷಯದ ಚಿಕಿತ್ಸೆಯಲ್ಲಿಯೂ ಇದೇ ಲೆಕ್ಕ. ಮೊದಲ ಮಾತ್ರೆಯನ್ನು ಕೊಡುವ ಮೊದಲೇ ಕೊನೆಯ ಮಾತ್ರೆ ಎಲ್ಲಿಂದ ಬರುವುದೆಂದು ತಿಳಿದಿರಬೇಕು.

3. ಹಿಂದಿನ ಅನುಭವದಿಂದ ಕಲಿತ ಪಾಠ

ಔಷಧಗಳಿಲ್ಲದ ಕಾಲದಲ್ಲಿ ಕ್ಷಯರೋಗಿಗಳನ್ನು ಆರೋಗ್ಯಧಾಮಗಳಲ್ಲಿ ಇರಿಸುತ್ತಿದ್ದರು. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆಯು ಅಂಥದೇ ಒಂದು ಸಂಸ್ಥೆಯಾಗಿ ಆರಂಭವಾಯಿತು. ವಿಶ್ರಾಂತಿ, ಗಾಳಿ, ಬೆಳಕು ಮತ್ತು ಪುಷ್ಟಿಕರವಾದ ಆಹಾರ ಇವೇ ಅಂದಿನ ಚಿಕಿತ್ಸೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೋನಿಯಜಿಡ್ ಬಳಕೆಗೆ ಬಂದುವು. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಸಂಶೋಧನೆಯು, ಬಡ ರೋಗಿಗಳು ಮನೆಯಲ್ಲಿಯೇ ಇದ್ದು ಔಷಧ ಸೇವಿಸಿದರೂ ಆರೋಗ್ಯಧಾಮದಲ್ಲಿದ್ದವರಂತೆಯೇ ಗುಣಹೊಂದುವರೆಂದು ತೋರಿಸಿಕೊಟ್ಟಿತು. ಅಂದಿನಿಂದ ಚಿಕಿತ್ಸೆಯ ಆಧಾರವು ಹಾಸಿಗೆಯಿಂದ ಮಾತ್ರೆಗೆ ಬದಲಾಯಿತು. ಮಾತ್ರೆಯು ಊರೂರಿಗೆ ತಲುಪಬೇಕಾದ ಅಗತ್ಯವೂ ಅಂದೇ ಹುಟ್ಟಿತು.

ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಈ ಕಾರ್ಯಕ್ಕೆ ಮಾರ್ಗವನ್ನು ರೂಪಿಸಿತು. ಈ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ಮುಖ್ಯ ಸಂಗತಿಯನ್ನು ಹೊರಗೆಡಹಿತು. ಕ್ಷಯದ ಲಕ್ಷಣವಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವಾಗಿಯೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರು. ಆದರೆ ಅವರಿಗೆ ಅಲ್ಲಿ ದೊರೆತದ್ದು ಸಾಮಾನ್ಯವಾಗಿ ಒಂದು ಸೀಸೆ ಕೆಮ್ಮಿನ ಔಷಧ ಮಾತ್ರ. ಜನರು ಅಜ್ಞಾನಿಗಳು, ಅವರೇ ಬರುವುದಿಲ್ಲ ಎಂಬ ಹಳೆಯ ದೂರು ಇದರಿಂದ ಸುಳ್ಳಾಯಿತು. ಜನ ಬಂದಿದ್ದರು, ಅವರಿಗೆ ಕೊಡಬೇಕಾದದ್ದನ್ನು ಕೊಡಲು ಆಸ್ಪತ್ರೆ ಸಿದ್ಧವಾಗಿರಲಿಲ್ಲ.

1962ರಲ್ಲಿ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮವು ಜಾರಿಗೆ ಬಂದಿತು. ಮೂವತ್ತು ವರ್ಷಗಳ ತರುವಾಯ, 1992ರಲ್ಲಿ, ಅದನ್ನು ಪರಿಶೀಲಿಸಿದಾಗ ಚಿಕಿತ್ಸೆ ಆರಂಭಿಸಿದವರಲ್ಲಿ ಅರ್ಧದಷ್ಟು ಜನರೂ ಅದನ್ನು ಪೂರ್ಣಗೊಳಿಸುತ್ತಿಲ್ಲವೆಂದು ತಿಳಿದುಬಂದಿತು. ಇದಕ್ಕೆ ಕಂಡ ಕಾರಣಗಳಲ್ಲಿ ಔಷಧಗಳ ಕೊರತೆಯೂ ಒಂದಾಗಿತ್ತು.

1993ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 2006ರ ವೇಳೆಗೆ ದೇಶವನ್ನೆಲ್ಲ ವ್ಯಾಪಿಸಿದ ಪರಿಷ್ಕೃತ ಕಾರ್ಯಕ್ರಮವು ಇದಕ್ಕೊಂದು ಸರಳವಾದ ಪರಿಹಾರವನ್ನು ಕಂಡುಕೊಂಡಿತು. ಪ್ರತಿಯೊಬ್ಬ ರೋಗಿಗೂ ಒಂದು ಪ್ರತ್ಯೇಕ ಪೆಟ್ಟಿಗೆ. ಅವನ ಹೆಸರನ್ನು ಬರೆದ ಆ ಪೆಟ್ಟಿಗೆಯಲ್ಲಿ ಚಿಕಿತ್ಸೆಯ ಪೂರ್ಣ ಅವಧಿಯ ಔಷಧವೂ ಇರುತ್ತಿತ್ತು. ಹೊಸ ರೋಗಿಗೆ ಕೆಂಪು ಪೆಟ್ಟಿಗೆ, ಹಿಂದೆ ಚಿಕಿತ್ಸೆ ಪಡೆದಿದ್ದವನಿಗೆ ನೀಲಿ ಪೆಟ್ಟಿಗೆ. ಚಿಕಿತ್ಸೆ ಆರಂಭವಾದ ದಿನವೇ ಕೊನೆಯ ಮಾತ್ರೆಯೂ ಕಪಾಟಿನಲ್ಲಿ ಇರುತ್ತಿದ್ದುದರಿಂದ ಆ ರೋಗಿಗೆ ನಡುವೆ ಔಷಧ ಮುಗಿಯುವ ಭಯವಿರಲಿಲ್ಲ.

ಆಗ ವಾರಕ್ಕೆ ಮೂರು ದಿನ ಔಷಧ ಕೊಡುತ್ತಿದ್ದರು. ದಿನವೂ ಕೊಡುವುದು ಹೆಚ್ಚು ಪರಿಣಾಮಕಾರಿ ಎಂದು ಕಂಡುಬಂದುದರಿಂದ 2017ರಲ್ಲಿ ದೇಶಾದ್ಯಂತ ದಿನನಿತ್ಯದ ಕ್ರಮವನ್ನು ಜಾರಿಗೆ ತರಲಾಯಿತು. ಹಲವು ಔಷಧಗಳನ್ನು ಒಂದೇ ಮಾತ್ರೆಯಲ್ಲಿ ಸೇರಿಸಿ, ರೋಗಿಯ ತೂಕಕ್ಕೆ ತಕ್ಕಂತೆ ಕೊಡುವ ಪದ್ಧತಿ ಬಂದಿತು. ಇದು ರೋಗಿಗೆ ಹಿತವಾದ ಬದಲಾವಣೆ. ಆದರೆ ಹೆಸರು ಬರೆದ ಪೆಟ್ಟಿಗೆಯು ಹೋಗಿ, ಎಲ್ಲರಿಗೂ ಸೇರಿದ ಮಾತ್ರೆಯ ಪಟ್ಟಿಗಳು ಕಪಾಟಿಗೆ ಬಂದುವು. ಹಿಂದೆ ಪೆಟ್ಟಿಗೆಯು ತಾನಾಗಿಯೇ ಕೊಡುತ್ತಿದ್ದ ಭರವಸೆಯನ್ನು ಈಗ ಎಣಿಕೆಯಿಂದ ಕೊಡಬೇಕಾಗಿದೆ. ಎಣಿಕೆ ತಪ್ಪಿದರೆ ಭರವಸೆಯೂ ತಪ್ಪುವುದು.

4. ಒಬ್ಬ ರೋಗಿಗೆ ಬೇಕಾಗುವ ಔಷಧದ ಪ್ರಮಾಣ

ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆಯು ಎರಡು ಹಂತಗಳಲ್ಲಿ ನಡೆಯುವುದು. ಮೊದಲನೆಯ ಹಂತ 56 ದಿನ. ಇದರಲ್ಲಿ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮತ್ತು ಎಥಾಂಬ್ಯುಟಾಲ್ ಎಂಬ ನಾಲ್ಕು ಔಷಧಗಳು ಸೇರಿದ ಮಾತ್ರೆಯನ್ನು ಕೊಡುವರು. ಎರಡನೆಯ ಹಂತ 112 ದಿನ. ಇದರಲ್ಲಿ ಪೈರಜಿನಮೈಡನ್ನು ಬಿಟ್ಟು ಉಳಿದ ಮೂರು ಔಷಧಗಳ ಮಾತ್ರೆಯನ್ನು ಕೊಡುವರು. ಒಟ್ಟು 168 ದಿನ.

ವಯಸ್ಕರಿಗೆ ದಿನಕ್ಕೆ ಕೊಡಬೇಕಾದ ಮಾತ್ರೆಗಳ ಸಂಖ್ಯೆಯು ತೂಕದಂತೆ ಹೀಗಿರುವುದು:

25ರಿಂದ 34 ಕಿಲೋಗ್ರಾಂ: 2 ಮಾತ್ರೆ
35ರಿಂದ 49 ಕಿಲೋಗ್ರಾಂ: 3 ಮಾತ್ರೆ
50ರಿಂದ 64 ಕಿಲೋಗ್ರಾಂ: 4 ಮಾತ್ರೆ
65ರಿಂದ 75 ಕಿಲೋಗ್ರಾಂ: 5 ಮಾತ್ರೆ

ಇದರಂತೆ 45 ಕಿಲೋಗ್ರಾಂ ತೂಕದ ಒಬ್ಬ ರೋಗಿಗೆ ನಾಲ್ಕೌಷಧದ ಮಾತ್ರೆಗಳು 168, ಮೂರೌಷಧದ ಮಾತ್ರೆಗಳು 336 ಬೇಕಾಗುವುವು. ಚಿಕಿತ್ಸೆಯಿಂದ ರೋಗಿಯ ತೂಕ ಏರುವುದು ಸಹಜ. ಏರಿದಾಗ ಮಾತ್ರೆಯ ಸಂಖ್ಯೆಯನ್ನು ವೈದ್ಯರು ಬದಲಾಯಿಸಬಹುದು. ಆದುದರಿಂದ ಪ್ರತಿ ತಿಂಗಳೂ ತೂಕವನ್ನು ನೋಡುವುದು ರೋಗಿಯ ಹಿತಕ್ಕೂ ದಾಸ್ತಾನಿನ ಲೆಕ್ಕಕ್ಕೂ ಅವಶ್ಯಕ.

5. ಬೇಡಿಕೆಯ ಪಟ್ಟಿಯನ್ನು ತಯಾರಿಸುವ ಕ್ರಮ

ಕ್ಷಯದ ಔಷಧಗಳನ್ನು ಕೇಂದ್ರ ಸರ್ಕಾರದ ಕ್ಷಯರೋಗ ವಿಭಾಗವು ಕೊಂಡು ರಾಜ್ಯಗಳಿಗೆ ಕಳುಹಿಸುವ ವ್ಯವಸ್ಥೆ ಇದೆ. ರಾಜ್ಯದ ಉಗ್ರಾಣದಿಂದ ಜಿಲ್ಲಾ ಕ್ಷಯರೋಗ ಕೇಂದ್ರಕ್ಕೂ, ಅಲ್ಲಿಂದ ತಾಲ್ಲೂಕು ಮಟ್ಟದ ಘಟಕಕ್ಕೂ, ಅಲ್ಲಿಂದ ಆರೋಗ್ಯ ಕೇಂದ್ರಕ್ಕೂ ಔಷಧವು ಬರುವುದು. ಹಲಗೂರಿನ ಮಟ್ಟಿಗೆ ಹೇಳುವುದಾದರೆ ಮಂಡ್ಯ ಮತ್ತು ಮಳವಳ್ಳಿಗಳ ಮೂಲಕ ಅದು ಬರಬೇಕು. ಮೇಲಿನಿಂದ ಕೆಳಕ್ಕೆ ಔಷಧ ಇಳಿಯುವಂತೆ, ಕೆಳಗಿನಿಂದ ಮೇಲಕ್ಕೆ ಲೆಕ್ಕ ಏರಬೇಕು. ಕೆಳಗಿನ ಲೆಕ್ಕ ತಪ್ಪಾದರೆ ಮೇಲಿನ ಖರೀದಿಯೂ ತಪ್ಪುವುದು.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಂದು ಆರೋಗ್ಯ ಕೇಂದ್ರದಲ್ಲಿ ಐವರು ರೋಗಿಗಳಿರುವರು. ಮೊದಲ ಹಂತದಲ್ಲಿರುವ ಇಬ್ಬರ ತೂಕ 45 ಮತ್ತು 52 ಕಿಲೋಗ್ರಾಂ. ಎರಡನೆಯ ಹಂತದಲ್ಲಿರುವ ಮೂವರ ತೂಕ 40, 48 ಮತ್ತು 60 ಕಿಲೋಗ್ರಾಂ. ಮುಂದಿನ 28 ದಿನಗಳಿಗೆ ಎಷ್ಟು ಮಾತ್ರೆ ಬೇಕು?

ಮೊದಲ ಹಂತದವರಿಗೆ ದಿನಕ್ಕೆ 3 ಮತ್ತು 4, ಒಟ್ಟು 7 ಮಾತ್ರೆ. 28 ದಿನಕ್ಕೆ 196. ಎರಡನೆಯ ಹಂತದವರಿಗೆ ದಿನಕ್ಕೆ 3, 3 ಮತ್ತು 4, ಒಟ್ಟು 10 ಮಾತ್ರೆ. 28 ದಿನಕ್ಕೆ 280.

ಇಲ್ಲಿಗೆ ಲೆಕ್ಕ ಮುಗಿಯಲಿಲ್ಲ. 45 ಕಿಲೋಗ್ರಾಂ ತೂಕದವನಿಗೆ ಮೊದಲ ಹಂತದಲ್ಲಿ ಉಳಿದಿರುವುದು 14 ದಿನ ಮಾತ್ರ ಎಂದಿಟ್ಟುಕೊಳ್ಳೋಣ. ಮುಂದಿನ 14 ದಿನ ಅವನು ಎರಡನೆಯ ಹಂತದ ಮಾತ್ರೆಯನ್ನು ಸೇವಿಸುವನು. ಆದುದರಿಂದ ನಾಲ್ಕೌಷಧದ ಮಾತ್ರೆಯಲ್ಲಿ 42 ಕಳೆದು 154 ಆಗುವುದು. ಮೂರೌಷಧದ ಮಾತ್ರೆಗೆ 42 ಕೂಡಿಸಿ 322 ಆಗುವುದು. ಹಂತ ಬದಲಾಗುವುದನ್ನು ಮರೆತು ಲೆಕ್ಕ ಹಾಕಿದರೆ ಒಂದು ಬಗೆಯ ಮಾತ್ರೆ ಮಿಕ್ಕು ಇನ್ನೊಂದು ಬಗೆಯದು ಮುಗಿದುಹೋಗುವುದು. ಒಟ್ಟು ದಾಸ್ತಾನು ಸಾಕಷ್ಟಿದ್ದಂತೆ ಕಾಣುತ್ತಿದ್ದರೂ ರೋಗಿಯು ಬರಿಗೈಯಲ್ಲಿ ಹಿಂದಿರುಗುವುದು ಹೀಗೆಯೇ.

ಇದರ ಮೇಲೆ ಇನ್ನೊಂದು ತಿಂಗಳಿಗಾಗುವಷ್ಟನ್ನು ಮೀಸಲಾಗಿ ಇಟ್ಟುಕೊಳ್ಳುವುದೆಂದರೆ ಕೇಂದ್ರದಲ್ಲಿ 308 ಮತ್ತು 644 ಮಾತ್ರೆಗಳು ಇರಬೇಕಾಯಿತು. ಈಗ ಕಪಾಟಿನಲ್ಲಿ 112 ಮತ್ತು 196 ಇದ್ದರೆ, ತರಿಸಬೇಕಾದದ್ದು 196 ಮತ್ತು 448. ಹೊಸ ರೋಗಿಗಳು ಬರಬಹುದಾದ್ದರಿಂದ ಹಿಂದಿನ ತಿಂಗಳುಗಳ ಅನುಭವವನ್ನು ನೋಡಿ ಅವರಿಗೂ ಸೇರಿಸಿಕೊಳ್ಳಬೇಕು. ಮೀಸಲು ಔಷಧವು ಲಾರಿ ತಡವಾದಾಗ, ಮಳೆ ಹೆಚ್ಚಾದಾಗ, ಕಚೇರಿಗೆ ರಜೆ ಬಂದಾಗ ಕಾಪಾಡುವುದಕ್ಕಾಗಿ ಇರತಕ್ಕದ್ದು. ಬೇಡಿಕೆಯನ್ನು ಕಳುಹಿಸಬೇಕಾದದ್ದು ಮೀಸಲಿಗೆ ಕೈಹಾಕುವ ಮೊದಲು. ಅದು ಮುಗಿದ ಮೇಲೆ ಅಲ್ಲ.

ದಾಸ್ತಾನನ್ನು ಇಂದು ನಿಕ್ಷಯ್ ಔಷಧಿ ಎಂಬ ಗಣಕ ವ್ಯವಸ್ಥೆಯಲ್ಲಿ ದಾಖಲಿಸುವರು. ಇದರಿಂದ ಯಾವ ಉಗ್ರಾಣದಲ್ಲಿ ಎಷ್ಟಿದೆಯೆಂಬುದನ್ನು ದೂರದಿಂದಲೇ ನೋಡಬಹುದು. ಆದರೆ ಗಣಕದಲ್ಲಿರುವ ಅಂಕಿಯು ಕಪಾಟಿನಲ್ಲಿರುವ ಮಾತ್ರೆಗೆ ಸಮನಾಗಿದ್ದರೆ ಮಾತ್ರ ಅದರಿಂದ ಪ್ರಯೋಜನ. ತಿಂಗಳಿಗೊಮ್ಮೆಯಾದರೂ ಮಾತ್ರೆಗಳನ್ನು ಕೈಯಿಂದ ಎಣಿಸಿ ತಾಳೆ ನೋಡತಕ್ಕದ್ದು.

6. ಔಷಧವನ್ನು ಕಾಪಾಡುವ ವಿಧಾನ

ಇದ್ದ ಔಷಧವು ಕೆಟ್ಟುಹೋದರೆ ಅದೂ ಕೊರತೆಯೇ. ರಿಫಾಂಪಿಸಿನ್ ಇರುವ ಮಾತ್ರೆಗೆ ತೇವ, ಬಿಸಿ ಮತ್ತು ಬಿಸಿಲು ಶತ್ರುಗಳು. ಪೆಟ್ಟಿಗೆಗಳನ್ನು ನೆಲದ ಮೇಲಾಗಲಿ ಗೋಡೆಗೆ ತಾಗಿಸಿಯಾಗಲಿ ಇಡಬಾರದು, ಹಲಗೆಯ ಮೇಲಿಡಬೇಕು. ಬೇಗ ಅವಧಿ ಮುಗಿಯುವುದನ್ನು ಮುಂದಕ್ಕೂ ತಡವಾಗಿ ಮುಗಿಯುವುದನ್ನು ಹಿಂದಕ್ಕೂ ಜೋಡಿಸಿ, ಮುಂದಿನದನ್ನೇ ಮೊದಲು ಕೊಡಬೇಕು. ಅವಧಿ ಸಮೀಪಿಸಿದ ಔಷಧವು ಹೆಚ್ಚಾಗಿದ್ದರೆ, ಅದು ವ್ಯರ್ಥವಾಗುವ ಮುನ್ನ ತಾಲ್ಲೂಕು ಘಟಕಕ್ಕೆ ತಿಳಿಸಿ, ಬಳಕೆ ಹೆಚ್ಚಾಗಿರುವ ಬೇರೆ ಕೇಂದ್ರಕ್ಕೆ ಕಳುಹಿಸಬೇಕು.

ಮನೆಯಲ್ಲಿಯೂ ಇದೇ ಎಚ್ಚರಿಕೆ ಬೇಕು. ಮಾತ್ರೆಗಳನ್ನು ಪಟ್ಟಿಯಿಂದ ಮೊದಲೇ ಬಿಡಿಸಿ ಡಬ್ಬಿಯಲ್ಲಿ ಹಾಕಿಡಬಾರದು. ಒಲೆಯ ಹತ್ತಿರ, ಸೋರುವ ಮಾಡಿನ ಕೆಳಗೆ, ಮಕ್ಕಳ ಕೈಗೆಟುಕುವಲ್ಲಿ ಇಡಬಾರದು.

7. ಆಸ್ಪತ್ರೆಯಿಂದ ರೋಗಿಯ ಕೈಗೆ

ಮಂಡ್ಯದಿಂದ ಹಲಗೂರಿಗೆ ಬಂದ ಔಷಧವು ಹಲಗೂರಿನಿಂದ ರೋಗಿಯ ಮನೆಗೆ ಹೋಗದಿದ್ದರೆ ಸರಬರಾಜು ಪೂರ್ಣವಾದಂತಾಗಲಿಲ್ಲ. ಆಶಾ ಕಾರ್ಯಕರ್ತೆ, ಉಪಕೇಂದ್ರದ ಆರೋಗ್ಯ ಸಹಾಯಕಿ ಅಥವಾ ರೋಗಿಯು ನಂಬುವ ಊರಿನ ಒಬ್ಬರು ಚಿಕಿತ್ಸೆಯ ಬೆಂಬಲಿಗರಾಗಿ ಇರಬಹುದು. ಅವರು ಕೇಳಬೇಕಾದ ಮುಖ್ಯ ಪ್ರಶ್ನೆಯು ‘ಮಾತ್ರೆ ನುಂಗಿದಿರಾ?’ ಎಂಬುದೊಂದೇ ಅಲ್ಲ, ‘ಇನ್ನೆಷ್ಟು ದಿನಕ್ಕಿದೆ?’ ಎಂಬುದನ್ನೂ ಕೇಳಬೇಕು. ಈ ಕೆಳಗಿನ ಸಂಭಾಷಣೆಯನ್ನು ಗಮನಿಸಿರಿ.

ಕಾರ್ಯಕರ್ತೆ: ಅಣ್ಣ, ನಾಡಿದ್ದು ಬೆಂಗಳೂರಿಗೆ ಹೊರಟಿದ್ದೀರಂತೆ. ಮಾತ್ರೆ ಎಷ್ಟು ದಿನಕ್ಕಿದೆ?

ರೋಗಿ: ಹತ್ತು ದಿನಕ್ಕಾಗುತ್ತೆ ಕಣಮ್ಮ. ಆಮೇಲೆ ಊರಿಗೆ ಬಂದಾಗ ತಗೊಂಡರಾಯಿತು.

ಕಾರ್ಯಕರ್ತೆ: ಊರಿಗೆ ಬರೋದು ಯಾವಾಗ?

ರೋಗಿ: ಮೇಸ್ತ್ರಿ ಬಿಟ್ಟಾಗ. ಮಾರಿಹಬ್ಬಕ್ಕಂತೂ ಬಂದೇ ಬರ್ತೀನಿ.

ಕಾರ್ಯಕರ್ತೆ: ಹಬ್ಬಕ್ಕೆ ಇನ್ನೂ ಒಂದೂವರೆ ತಿಂಗಳಿದೆಯಲ್ಲಣ್ಣ. ನೀವು ಕೆಲಸ ಮಾಡೋ ಜಾಗ ಹೇಳಿ. ನಾಳೆ ಆಸ್ಪತ್ರೆಯಲ್ಲಿ ಬರೆಸಿ, ಅಲ್ಲಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ನಿಮಗೆ ಮಾತ್ರೆ ಸಿಗೋ ಹಾಗೆ ಮಾಡಿಸ್ತೀನಿ.

ಇಷ್ಟು ಮಾತಿನಿಂದ ಒಂದು ತಿಂಗಳಿಗೂ ಹೆಚ್ಚಿನ ಅಂತರವು ತಪ್ಪಿತು. 2012ರಲ್ಲಿ ಆರಂಭವಾದ ನಿಕ್ಷಯ್ ದಾಖಲಾತಿಯಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ ಇರುವುದು. ಆ ಸಂಖ್ಯೆಯನ್ನು ತೋರಿಸಿದರೆ ದೇಶದ ಯಾವುದೇ ಜಿಲ್ಲೆಯಲ್ಲಿ ಚಿಕಿತ್ಸೆಯನ್ನು ಉಚಿತವಾಗಿ ಮುಂದುವರಿಸಬಹುದು. ಖಾಸಗಿ ವೈದ್ಯರಲ್ಲಿ ತೋರಿಸಿಕೊಳ್ಳುವವರಿಗೂ ಕಾರ್ಯಕ್ರಮದ ಔಷಧವನ್ನು ಉಚಿತವಾಗಿ ಕೊಡಲು ಅವಕಾಶವಿದೆ. ಹೆಚ್ಚಿನ ಮಾಹಿತಿಗೆ 1800-11-6666 ಎಂಬ ಉಚಿತ ದೂರವಾಣಿಯನ್ನು ಸಂಪರ್ಕಿಸಬಹುದು.

ಔಷಧದೊಡನೆ ಆಹಾರವೂ ಬೇಕು. ಹಸಿದ ಹೊಟ್ಟೆಯಲ್ಲಿ ಮಾತ್ರೆಯನ್ನು ತಾಳಲಾರದೆ ಬಿಟ್ಟುಬಿಟ್ಟವರು ಅನೇಕರು. ಇದಕ್ಕಾಗಿ 2018ರ ಏಪ್ರಿಲ್‌ನಿಂದ ಚಿಕಿತ್ಸೆಯಲ್ಲಿರುವವರಿಗೆ ತಿಂಗಳಿಗೆ 500 ರೂಪಾಯಿಗಳನ್ನು ಕೊಡಲಾಗುತ್ತಿತ್ತು. 2024ರ ನವೆಂಬರ್‌ನಿಂದ ಇದನ್ನು 1,000 ರೂಪಾಯಿಗೆ ಏರಿಸಲಾಗಿದೆ.

8. ಕೊರತೆ ಬಂದೇಬಂದರೆ ಮಾಡಬೇಕಾದುದೇನು?

ಎಷ್ಟು ಎಚ್ಚರಿಕೆ ವಹಿಸಿದರೂ ಕೊರತೆಯು ಮೇಲಿನಿಂದಲೇ ಬರಬಹುದು. 2013ರಲ್ಲಿ ದೇಶದ ಹಲವು ಕಡೆ ಮಕ್ಕಳ ಔಷಧಗಳಿಗೂ, ಸಾಧಾರಣ ಔಷಧಕ್ಕೆ ಬಗ್ಗದ ಕ್ಷಯದ ಔಷಧಗಳಿಗೂ ಅಭಾವ ಉಂಟಾಗಿತ್ತು. 2024ರ ಮಾರ್ಚ್ 18ರಂದು ಕೇಂದ್ರ ಕ್ಷಯರೋಗ ವಿಭಾಗವು ರಾಜ್ಯಗಳಿಗೆ ಪತ್ರ ಬರೆದು, ಸರಬರಾಜು ತಡವಾಗಬಹುದಾದ್ದರಿಂದ ಮೂರು ತಿಂಗಳಿಗೆ ಬೇಕಾಗುವ ಔಷಧಗಳನ್ನು ಸ್ಥಳೀಯವಾಗಿಯೇ ಕೊಳ್ಳುವಂತೆ ಸೂಚಿಸಿತು. ಜಿಲ್ಲೆಯಲ್ಲಿ ಕೊಂಡು ಕೊಡಲಾಗದಿದ್ದರೆ, ರೋಗಿಯು ಕೊಂಡ ಔಷಧದ ಹಣವನ್ನು ಹಿಂದಿರುಗಿಸಲು ಕೂಡ ಅದರಲ್ಲಿ ಅವಕಾಶವಿತ್ತು. ಆದರೆ ದಿನಗೂಲಿಯಿಂದ ಬದುಕುವವನು ಮೊದಲು ಹಣ ಕೊಟ್ಟು ಆಮೇಲೆ ಪಡೆಯುವುದು ಸುಲಭವಲ್ಲ. ಇಂಥ ಸಮಯದಲ್ಲಿ ಕೇಂದ್ರದಲ್ಲಿ ಮೀಸಲು ದಾಸ್ತಾನು ಇದ್ದರೆ ಅದೇ ರೋಗಿಯನ್ನು ಕಾಪಾಡುವುದು.

ಕೊರತೆಯ ಕಾಲದಲ್ಲಿ ಈ ಕೆಳಗಿನ ನಿಯಮಗಳನ್ನು ಅನುಸರಿಸತಕ್ಕದ್ದು.

(ಅ) ದಾಸ್ತಾನು ಮೀಸಲಿಗೆ ಇಳಿದ ದಿನವೇ ತಾಲ್ಲೂಕು ಮತ್ತು ಜಿಲ್ಲಾ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ನೆರೆಯ ಕೇಂದ್ರಗಳಲ್ಲಿ ಮಿಕ್ಕಿರುವುದನ್ನು ಅವರ ಮೂಲಕ ತರಿಸಿಕೊಳ್ಳಬೇಕು.

(ಆ) ತಿಂಗಳಿಗಾಗುವಷ್ಟನ್ನು ಒಬ್ಬನಿಗೇ ಕೊಟ್ಟು ಮತ್ತೊಬ್ಬನನ್ನು ಬರಿಗೈಯಲ್ಲಿ ಕಳುಹಿಸುವುದಕ್ಕಿಂತ, ಎಲ್ಲರಿಗೂ ವಾರ ವಾರಕ್ಕೆ ಕೊಡುವುದು ಮೇಲು. ಆದರೆ ವಾರಕ್ಕೊಮ್ಮೆ ಬರುವ ಖರ್ಚು ರೋಗಿಯ ಮೇಲೆ ಬೀಳಬಾರದು. ಮಾತ್ರೆಯು ಕಾರ್ಯಕರ್ತೆಯ ಮೂಲಕ ಊರಿಗೇ ಹೋಗಬೇಕು.

(ಇ) ಔಷಧವನ್ನು ಹೆಚ್ಚು ದಿನ ಬರಿಸುವುದಕ್ಕಾಗಿ ದಿನದ ಮಾತ್ರೆಯನ್ನು ಕಡಿಮೆ ಮಾಡುವುದಾಗಲಿ, ದಿನ ಬಿಟ್ಟು ದಿನ ಕೊಡುವುದಾಗಲಿ ಎಂದಿಗೂ ಕೂಡದು. ಇದು ಕರುಣೆಯಂತೆ ಕಂಡರೂ ರೋಗಾಣುವಿಗೆ ಬಲವನ್ನು ಕೊಡುವ ಕೆಲಸ.

(ಈ) ನಾಲ್ಕರಲ್ಲಿ ಸಿಕ್ಕಿದ ಒಂದೇ ಔಷಧವನ್ನು ಕೊಡಕೂಡದು. ಸೇರಿಸಿದ ಮಾತ್ರೆ ಇಲ್ಲದಿದ್ದಾಗ ಬಿಡಿ ಮಾತ್ರೆಗಳನ್ನು ಕೊಡಬೇಕಾಗಿ ಬಂದರೆ, ಎಲ್ಲ ಔಷಧಗಳೂ ಸರಿಯಾದ ಪ್ರಮಾಣದಲ್ಲಿ ಇರುವುದನ್ನು ವೈದ್ಯರೇ ನೋಡಿ ಬರೆದುಕೊಡಬೇಕು.

(ಉ) ರೋಗಿಯು ಅಂಗಡಿಯಿಂದ ಕೊಳ್ಳಬೇಕಾದರೆ ವೈದ್ಯರ ಚೀಟಿಯೊಡನೆಯೇ ಕೊಳ್ಳಬೇಕು. 2014ರಿಂದ ಕ್ಷಯದ ಮುಖ್ಯ ಔಷಧಗಳು ಎಚ್-1 ಅನುಸೂಚಿಗೆ ಸೇರಿರುವುದರಿಂದ, ಔಷಧದ ಅಂಗಡಿಯವರು ಅವುಗಳ ಮಾರಾಟವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡಬೇಕು. ಕೊಂಡ ರಸೀತಿಯನ್ನು ರೋಗಿಯು ಜೋಪಾನವಾಗಿ ಇಟ್ಟುಕೊಳ್ಳಬೇಕು.

(ಊ) ತಪ್ಪಿದ ದಿನಗಳನ್ನು ಚೀಟಿಯಲ್ಲಿ ಮುಚ್ಚಿಡದೆ ಬರೆಯಬೇಕು. ಅವುಗಳನ್ನು ಆಮೇಲೆ ಸೇರಿಸಿ ಪೂರ್ಣಗೊಳಿಸಬೇಕಾಗುವುದು. ಒಂದು ತಿಂಗಳು ಅಥವಾ ಹೆಚ್ಚು ಕಾಲ ಔಷಧ ನಿಂತಿದ್ದರೆ ಮತ್ತೆ ಕಫ ಪರೀಕ್ಷೆ ಮಾಡಿಸದೆ ಹಳೆಯ ಮಾತ್ರೆಯನ್ನೇ ಮುಂದುವರಿಸಬಾರದು.

9. ಕುಟುಂಬದ ಹಿತಕ್ಕೆ ಸಂಬಂಧಿಸಿದ ಸೂಚನೆಗಳು

ರಿಫಾಂಪಿಸಿನ್ ಸೇವಿಸುತ್ತಿರುವ ಮಹಿಳೆಗೆ ಮಾಲಾ-ಎನ್, ಮಾಲಾ-ಡಿ ಮುಂತಾದ ಹಾರ್ಮೋನು ಗುಳಿಗೆಗಳು ಸರಿಯಾದ ರಕ್ಷಣೆ ಕೊಡಲಾರವು. ಗುಳಿಗೆಯನ್ನು ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಚಿಕಿತ್ಸೆ ಮುಗಿಯುವವರೆಗೆ ಕಾಪರ್-ಟಿ ವಂಕಿ ಅಥವಾ ನಿರೋಧ್ ಮುಂತಾದ ಬೇರೆ ವಿಧಾನವನ್ನು ವೈದ್ಯರ ಸಲಹೆಯಂತೆ ಅನುಸರಿಸುವುದು ಉಚಿತ. ಆದುದರಿಂದ ಕ್ಷಯದ ಮಾತ್ರೆಯನ್ನು ಕೊಡುವಾಗಲೇ ನಿರೋಧ್ ಕೂಡ ದಾಸ್ತಾನಿನಲ್ಲಿ ಇರುವಂತೆ ನೋಡಿಕೊಳ್ಳಬೇಕು.

ಗರ್ಭಿಣಿಯು ಕ್ಷಯದ ಮಾತ್ರೆಯನ್ನು ನಿಲ್ಲಿಸಬಾರದು. ಮೇಲೆ ಹೇಳಿದ ನಾಲ್ಕು ಔಷಧಗಳನ್ನೂ ಅವಳಿಗೆ ಕೊಡಬಹುದು. ಸ್ಟ್ರೆಪ್ಟೊಮೈಸಿನ್ ಸೂಜಿಮದ್ದನ್ನು ಮಾತ್ರ ಕೊಡಕೂಡದು. ಅದರಿಂದ ಹುಟ್ಟುವ ಮಗುವಿನ ಕಿವಿಗೆ ಕೇಡಾಗುವುದು. ಬಾಣಂತಿಯು ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮಗುವಿಗೆ ಮೊಲೆಹಾಲನ್ನು ಕೊಡುತ್ತಲೇ ಇರಬೇಕು. ಮನೆಯ ಮಕ್ಕಳನ್ನೂ ಇತರರನ್ನೂ ಪರೀಕ್ಷಿಸಿ, ರೋಗವಿಲ್ಲದವರಿಗೆ ಅದು ಬಾರದಂತೆ ತಡೆಯುವ ಔಷಧವನ್ನು ವೈದ್ಯರು ಸೂಚಿಸುವರು. ಈ ಔಷಧವೂ ನಡುವೆ ನಿಲ್ಲಬಾರದು.

ಮಾತ್ರೆ ಸೇವಿಸಿದಾಗ ಮೂತ್ರವು ಕಿತ್ತಳೆಗೆಂಪಾಗುವುದು ಸಹಜ, ಭಯಪಡಬೇಕಾಗಿಲ್ಲ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂದವಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

10. ಊರಿನವರ ಪಾತ್ರ

ಪಡಿತರದ ಅಂಗಡಿಯಲ್ಲಿ ಅಕ್ಕಿ ಬಾರದಿದ್ದರೆ ಊರೇ ಕೇಳುವುದು. ಕ್ಷಯದ ಮಾತ್ರೆ ಬಾರದಿದ್ದರೆ ರೋಗಿಯೊಬ್ಬನೇ ಕೇಳಬೇಕು. ಅವನು ನಾಚಿಕೆಯಿಂದಲೋ ಭಯದಿಂದಲೋ ಕೇಳಲಾರನು. ರೋಗಿಯ ಹೆಸರನ್ನು ಬಹಿರಂಗಪಡಿಸದೆಯೇ ‘ನಮ್ಮ ಆಸ್ಪತ್ರೆಯಲ್ಲಿ ಕ್ಷಯದ ಔಷಧ ಎಷ್ಟು ದಿನಕ್ಕಿದೆ?’ ಎಂದು ಗ್ರಾಮ ಸಭೆಯಲ್ಲಿ ಕೇಳಬಹುದು. ಈ ಪ್ರಶ್ನೆಯಿಂದ ಯಾರ ಗೌರವಕ್ಕೂ ಕುಂದಿಲ್ಲ. ಲೆಕ್ಕವನ್ನು ಸರಿಯಾಗಿಟ್ಟ ಆಸ್ಪತ್ರೆಯು ಅದಕ್ಕೆ ಸಂತೋಷದಿಂದಲೇ ಉತ್ತರ ಕೊಡುವುದು.

ನೆನಪಿನಲ್ಲಿಡತಕ್ಕ ಅಂಶಗಳು

1. ಸಾಮಾನ್ಯ ಕ್ಷಯದ ಚಿಕಿತ್ಸೆ 168 ದಿನ, ನಡುವೆ ಅಂತರವಿರಬಾರದು.
2. ಹಂತ ಮತ್ತು ತೂಕಗಳೆರಡನ್ನೂ ನೋಡಿ ಬೇಡಿಕೆಯನ್ನು ಬರೆಯಬೇಕು.
3. ಮೀಸಲಿಗೆ ಕೈಹಾಕುವ ಮೊದಲೇ ಔಷಧ ತರಿಸಬೇಕು.
4. ಕೊರತೆಯಲ್ಲಿ ದಿನಗಳನ್ನು ಹಂಚಬಹುದು, ಪ್ರಮಾಣವನ್ನು ಹಂಚಬಾರದು.
5. ಊರು ಬಿಡುವವನಿಗೆ ಮಾತ್ರೆಯೂ ದಾಖಲೆಯ ಸಂಖ್ಯೆಯೂ ಕೈಯಲ್ಲಿರಬೇಕು.

ಅಭ್ಯಾಸದ ಪ್ರಶ್ನೆಗಳು

1. ಹೆಸರು ಬರೆದ ಪೆಟ್ಟಿಗೆಯ ಪದ್ಧತಿಗೂ ಈಗಿನ ಪದ್ಧತಿಗೂ ಇರುವ ವ್ಯತ್ಯಾಸವೇನು? ಈಗ ಹೆಚ್ಚಿದ ಹೊಣೆ ಯಾವುದು?
2. 55 ಕಿಲೋಗ್ರಾಂ ತೂಕದ ರೋಗಿಗೆ ಆರು ತಿಂಗಳಲ್ಲಿ ಬೇಕಾಗುವ ಎರಡೂ ಬಗೆಯ ಮಾತ್ರೆಗಳನ್ನು ಲೆಕ್ಕ ಹಾಕಿರಿ.
3. ನಿಮ್ಮ ಕೇಂದ್ರದಲ್ಲಿ ಇಂದು ಇರುವ ಔಷಧವು, ಹೊಸದಾಗಿ ಏನೂ ಬಾರದಿದ್ದರೆ, ಎಷ್ಟು ದಿನಕ್ಕೆ ಸಾಕಾಗುವುದೆಂದು ಕಪಾಟನ್ನು ತೆರೆದು ಎಣಿಸಿ ಬರೆಯಿರಿ.